'ಮಾವ, ಇದು ಪ್ಲಸ್ಸಾ, ಮೈನಸ್ಸಾ?': ಬೇಗ ಇಂಗ್ಲಿಷಿಗೆ ಹಾಕಿದ ಮಗು ಮುಂದಿನ ಕ್ಲಾಸುಗಳಲ್ಲಿ ಏನಾಗುತ್ತದೆ

ಪಾಂಡವಪುರದ ಹತ್ತಿರ ಒಂದು ಹಳ್ಳಿಯಲ್ಲಿ ನನ್ನ ತಂಗಿಯ ಮನೆ. ಅವಳ ಮಗಳು ಈಗ ನಾಲ್ಕನೇ ಕ್ಲಾಸು. ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ. ಬೆಳಿಗ್ಗೆ ಎಂಟಕ್ಕೆಲ್ಲ ಹಳದಿ ವ್ಯಾನು ಅರಳಿಕಟ್ಟೆ ಹತ್ತಿರ ಬಂದು ಹಾರ್ನ್ ಹೊಡೆಯುತ್ತದೆ. ಆ ಕಟ್ಟೆಯಿಂದ ಕೂಗಳತೆಯಲ್ಲೇ ಸರ್ಕಾರಿ ಶಾಲೆ ಇದೆ. ವ್ಯಾನು ಅದರ ಮುಂದೆಯೇ ಹಾದು ಹೋಗುತ್ತದೆ.

ಹೋದ ತಿಂಗಳು ಒಂದು ಭಾನುವಾರ ಅವಳ ಹೋಂವರ್ಕಿಗೆ ಜೊತೆ ಕೂತಿದ್ದೆ. ಗಣಿತದ ಪುಸ್ತಕದಲ್ಲಿ ಒಂದು ಲೆಕ್ಕ. 'ಎ ಫಾರ್ಮರ್ ಹ್ಯಾಸ್ ಫಾರ್ಟಿ ಏಯ್ಟ್ ಕೋಕೋನಟ್ಸ್. ಹಿ ಪ್ಯಾಕ್ಸ್ ದೆಮ್ ಈಕ್ವಲಿ ಇನ್ ಸಿಕ್ಸ್ ಬ್ಯಾಗ್ಸ್.' ಎಲ್ಲೂ ತಡವರಿಸದೆ ಓದಿದಳು. ಆ ವಯಸ್ಸಿನಲ್ಲಿ ನನಗೆ ಇಂಗ್ಲಿಷಿನ ಒಂದು ಸಾಲೂ ಓದಲು ಬರುತ್ತಿರಲಿಲ್ಲ. ಓದಿ ಮುಗಿಸಿ, ಪೆನ್ಸಿಲ್ ಕಚ್ಚುತ್ತಾ ನನ್ನ ಮುಖ ನೋಡಿದಳು. 'ಮಾವ, ಇದು ಪ್ಲಸ್ಸಾ, ಮೈನಸ್ಸಾ?'

ಎರಡೂ ಅಲ್ಲ, ಭಾಗಾಕಾರ. ಕನ್ನಡದಲ್ಲಿ ಹೇಳಿ ನೋಡೋಣ ಅಂತ, 'ಪುಟ್ಟಿ, ತಾತನ ಹತ್ರ ನಲವತ್ತೆಂಟು ತೆಂಗಿನಕಾಯಿ ಅದೆ ಅಂದ್ಕೊ' ಅಂದೆ. 'ನಲವತ್ತೆಂಟು ಅಂದ್ರೆ ಎಷ್ಟು ಮಾವ?' ಅಂದಳು. ಒಂದು ಗಳಿಗೆ ನನಗೆ ಏನೂ ತೋಚಲಿಲ್ಲ. ಮತ್ತೆ ಶುರು ಮಾಡಿದೆ. 'ಫಾರ್ಟಿ ಏಯ್ಟ್ ತೆಂಗಿನಕಾಯಿ. ಆರು ಚೀಲ. ಎಲ್ಲಾ ಚೀಲಕ್ಕೂ ಒಂದೇ ಸಮ ತುಂಬಬೇಕು.' 'ಓ, ಹಂಗಾದ್ರೆ ಒಂದೊಂದಕ್ಕೆ ಏಯ್ಟ್ ಏಯ್ಟ್' ಅಂದಳು. ಬೆರಳು ಕೂಡ ಎಣಿಸಲಿಲ್ಲ.

ಲೆಕ್ಕ ಅವಳಿಗೆ ಬರುತ್ತಿತ್ತು. 'ಈಕ್ವಲಿ' ಅನ್ನುವ ಒಂದು ಪದ ಅಡ್ಡ ನಿಂತಿತ್ತು, ಅಷ್ಟೆ. ಹೋಂವರ್ಕ್ ನೋಡುವ ಟೀಚರಿಗೆ ಕಾಣುವುದು ಮಾತ್ರ ತಪ್ಪು ಉತ್ತರ. ಮಗು ಗಣಿತದಲ್ಲಿ ಸ್ವಲ್ಪ ವೀಕು ಅಂತ ಡೈರಿಯಲ್ಲಿ ಬರೆದು ಕಳಿಸಿದ್ದಾರೆ.

ಊಟಕ್ಕೆ ಕೂತಾಗ ತಂಗಿಗೆ ಇದನ್ನು ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಅಂದಳು: 'ನಾನು ಎಸ್ಸೆಸ್ಸೆಲ್ಸಿಲಿ ಶಾಲೆಗೇ ಫಸ್ಟು ಕಣಣ್ಣ. ಪಿಯುಸಿ ಸೈನ್ಸ್‌ಗೆ ಹೋದ ಮೊದಲನೇ ದಿನ ಫಿಸಿಕ್ಸ್ ಮೇಷ್ಟ್ರು ಏನ್ ಹೇಳ್ತಾವ್ರೆ ಅಂತ್ಲೇ ಗೊತ್ತಾಗ್ಲಿಲ್ಲ. ಎರಡು ವರ್ಷ ಹಂಗೇ ಕೂತಿದ್ದೆ. ಇವಳಿಗೆ ಹಂಗಾಗೋದ್ ಬ್ಯಾಡ.'

ಈ ಮಾತಿಗೆ ಎದುರಾಡುವುದು ಸುಲಭ ಅಲ್ಲ. ಮಂಡ್ಯ, ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಹೀಗೆ ಪಿಯುಸಿಯಲ್ಲಿ ಮುಗ್ಗರಿಸಿದ ಒಬ್ಬರು ಇದ್ದಾರೆ. ತಂದೆತಾಯಿ ಶೋಕಿಗೆ ಮಕ್ಕಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕುತ್ತಾರೆ ಅನ್ನುವವರು ಈ ನೋವನ್ನು ನೋಡಿಲ್ಲ. ಕಬ್ಬಿನ ದುಡ್ಡಲ್ಲಿ, ಹಾಲಿನ ಡೈರಿಯ ಬಟವಾಡೆಯಲ್ಲಿ ಫೀಸು ಕಟ್ಟುವವರು ಯೋಚನೆ ಮಾಡದೆ ಕಟ್ಟುವುದಿಲ್ಲ. ಅವರ ಭಯ ನಿಜ. ಆದರೆ ಆ ಭಯಕ್ಕೆ ಸಿಗುತ್ತಿರುವ ಮದ್ದು ಸರಿಯಾದದ್ದೇ ಅನ್ನುವುದನ್ನು ಕೇಳಲೇಬೇಕು.

ನಾವು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಮಾಡಿಕೊಂಡಿದ್ದೇವೆ. ಚಿಕ್ಕ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯುವುದು ಒಂದು. ಚಿಕ್ಕ ವಯಸ್ಸಿನಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲೇ ಕಲಿಯುವುದು ಇನ್ನೊಂದು. ಮೊದಲನೆಯದರಿಂದ ಮಗುವಿಗೆ ಕೆಡುಕಿಲ್ಲ. ಎರಡನೆಯದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಆ ಬಿಲ್ಲು ಬರುವುದು ಒಂದನೇ ಕ್ಲಾಸಿನಲ್ಲಲ್ಲ, ಐದಾರನೇ ಕ್ಲಾಸು ದಾಟಿದ ಮೇಲೆ.

ಮೊದಲು, ಬೇಗ ಶುರು ಮಾಡಿದರೆ ಏನು ಸಿಗುತ್ತದೆ ನೋಡೋಣ. ಚಿಕ್ಕ ಮಕ್ಕಳ ಕಿವಿ ಚುರುಕು. ಹೊಸ ಭಾಷೆಯ ಸದ್ದುಗಳನ್ನು ದೊಡ್ಡವರಿಗಿಂತ ಚೆನ್ನಾಗಿ ಹಿಡಿಯುತ್ತಾರೆ. ತಪ್ಪು ಮಾತಾಡಲು ನಾಚಿಕೆ ಇಲ್ಲ. ಆದರೆ ಈ ಲಾಭ ಕೈಗೆ ಬರಬೇಕಾದರೆ ದಿನವಿಡೀ ಆ ಭಾಷೆ ಕಿವಿಗೆ ಬೀಳುತ್ತಿರಬೇಕು. ನಮ್ಮ ಶಾಲೆಯಲ್ಲಿ ಎಷ್ಟು ಬೀಳುತ್ತದೆ? ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಶಾಲಾ ದಿನ. ದಿನಕ್ಕೆ 40 ನಿಮಿಷದ ಒಂದು ಇಂಗ್ಲಿಷ್ ಪೀರಿಯಡ್ ಅಂದರೆ ವರ್ಷಕ್ಕೆ ಸುಮಾರು 133 ಗಂಟೆ. ಮನೆಯಲ್ಲಿ, ಬೀದಿಯಲ್ಲಿ ಮಗುವಿನ ಕಿವಿಗೆ ದಿನಕ್ಕೆ ಹತ್ತು ಗಂಟೆ ಕನ್ನಡ ಬೀಳುತ್ತದೆ ಅಂದುಕೊಳ್ಳಿ. ಹಾಗಾದರೆ ಇಡೀ ವರ್ಷದ ಇಂಗ್ಲಿಷು ಹದಿಮೂರು ದಿನದ ಕನ್ನಡಕ್ಕೆ ಸಮ. ಹದಿಮೂರು ದಿನದಲ್ಲಿ ಯಾವ ಮಗು ಭಾಷೆ ಕಲಿಯುತ್ತದೆ?

ಇದನ್ನು ಬಾರ್ಸಿಲೋನಾ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಅಳೆದು ನೋಡಿದ್ದಾರೆ. ಸ್ಪೇನಿನಲ್ಲಿ ಇಂಗ್ಲಿಷ್ ಶುರು ಮಾಡುವ ವಯಸ್ಸನ್ನು 11ರಿಂದ 8ಕ್ಕೆ ಇಳಿಸಿದ್ದರು. ಎರಡೂ ಗುಂಪಿನ ಮಕ್ಕಳು ಸಿಕ್ಕಿದರು. ಕಾರ್ಮೆನ್ ಮುನ್ಯೋಸ್ ಮತ್ತು ಅವರ ತಂಡ ಇಬ್ಬರಿಗೂ ಅಷ್ಟೇ ಗಂಟೆ ಪಾಠ ಆದ ಮೇಲೆ ಹೋಲಿಸಿದರು. ಹನ್ನೊಂದಕ್ಕೆ ಶುರು ಮಾಡಿದವರೇ ಮುಂದಿದ್ದರು. ಕಾರಣ ಊಹಿಸುವುದು ಕಷ್ಟ ಅಲ್ಲ. ಅವರಿಗೆ ಆಗಲೇ ಒಂದು ಭಾಷೆಯಲ್ಲಿ ಓದಲು, ಬರೆಯಲು, ನಿಯಮ ಹಿಡಿಯಲು ಬರುತ್ತಿತ್ತು. ಆ ಜಾಣ್ಮೆಯನ್ನೇ ಇಂಗ್ಲಿಷಿಗೂ ಬಳಸಿಕೊಂಡರು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲೂ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಹಾಡು, ಕತೆ, ಆಟದ ಜೊತೆ ಇಂಗ್ಲಿಷ್ ಕಿವಿಗೆ ಬೀಳಲಿ. ಕಲಿಸುವವರಿಗೆ ಇಂಗ್ಲಿಷ್ ಚೆನ್ನಾಗಿ ಬರಬೇಕು, ಅದೊಂದೇ ಷರತ್ತು. ತಪ್ಪು ಉಚ್ಚಾರಣೆಯನ್ನು ಐದು ವರ್ಷ ಬೇಗ ಕಲಿತು ಏನು ಲಾಭ, ಅಲ್ವಾ?

ಈಗ ಎರಡನೆಯ ವಿಷಯ, ಮೀಡಿಯಂ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಕನ್ನಡದ ಮಗು ಕನ್ನಡ ಓದಲು ಕಲಿಯುವುದಕ್ಕೇ ಎಷ್ಟು ವರ್ಷ ಬೇಕು ಅಂತ ನಾವು ಯೋಚಿಸುವುದಿಲ್ಲ. 49 ಅಕ್ಷರ ಕಲಿತರೆ ಮುಗಿಯಲಿಲ್ಲ. ಕಾಗುಣಿತ ಬೇಕು, ಒತ್ತಕ್ಷರ ಬೇಕು. 'ಸ್ತ್ರ', 'ಕ್ಷ್ಮ' ಬಂದ ಕಡೆ ಮಗು ನಿಂತುಬಿಡುತ್ತದೆ. ಕನ್ನಡ ಓದಿನ ಬಗ್ಗೆ ವರ್ಷಗಳ ಕಾಲ ಸಂಶೋಧನೆ ಮಾಡಿದ ಸೊನಾಲಿ ನಾಗ್, ಈ ಅಕ್ಷರಗಳೆಲ್ಲ ಮಗುವಿನ ಕೈವಶ ಆಗಲು ನಾಲ್ಕನೇ, ಐದನೇ ತರಗತಿವರೆಗೂ ಬೇಕಾಗುತ್ತದೆ ಎಂದು ತೋರಿಸಿದ್ದಾರೆ. ಇಂಗ್ಲಿಷಿನ ಕತೆ ಇನ್ನೂ ಕಷ್ಟ. ಅಕ್ಷರ 26 ಮಾತ್ರ, ಆದರೆ ಯಾವ ಅಕ್ಷರ ಎಲ್ಲಿ ಹೇಗೆ ನುಡಿಯುತ್ತದೆ ಅನ್ನುವುದಕ್ಕೆ ಕಟ್ಟುಪಾಡಿಲ್ಲ. ಯೂರೋಪಿನ 13 ಭಾಷೆಗಳ ಮಕ್ಕಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಮಾತಿನ ಮಕ್ಕಳೇ ಓದಿನ ಮೊದಲ ಮೆಟ್ಟಿಲು ಹತ್ತಲು ಉಳಿದ ಬಹುಪಾಲು ಮಕ್ಕಳಿಗಿಂತ ಎರಡು ಪಟ್ಟಿಗೂ ಜಾಸ್ತಿ ಸಮಯ ತೆಗೆದುಕೊಂಡಿದ್ದರು.

ಅಂದರೆ ನಮ್ಮ ಮಂಡ್ಯದ ಮಗುವಿಗೆ ನಾವು ಏನು ಮಾಡುತ್ತಿದ್ದೇವೆ? ಓದಲು ಕಲಿಯುವುದಕ್ಕೇ ಕಷ್ಟವಾದ ಬರಹವನ್ನು, ಮಗುವಿಗೆ ಗೊತ್ತಿಲ್ಲದ ಭಾಷೆಯಲ್ಲಿ, ಮೊದಲ ದಿನವೇ ಕೈಗೆ ಕೊಡುತ್ತಿದ್ದೇವೆ. ಜೊತೆಗೆ ಕನ್ನಡಕ್ಕೆ ದಿನಕ್ಕೆ ಒಂದೇ ಪೀರಿಯಡ್. ನನ್ನ ಸೊಸೆ ಇಂಗ್ಲಿಷನ್ನು ಅರ್ಥವಿಲ್ಲದೆ ಓದುತ್ತಾಳೆ. ಕನ್ನಡ ಅರ್ಥವಾಗುತ್ತದೆ, ಆದರೆ ಓದಲು ಒದ್ದಾಡುತ್ತಾಳೆ. ಓದುವ ಭಾಷೆ ಒಂದು, ಅರ್ಥವಾಗುವ ಭಾಷೆ ಇನ್ನೊಂದು. ಒಂಬತ್ತು ವರ್ಷದ ಮಗುವಿಗೆ ಇಂಥ ಸ್ಥಿತಿ ಬರಬಾರದಿತ್ತು.

ಇದು ಒಬ್ಬಳ ಕತೆ ಅಲ್ಲ. ದೇಶದ ಹಳ್ಳಿ ಮಕ್ಕಳ ಓದನ್ನು ಮನೆಮನೆಗೆ ಹೋಗಿ ಅಳೆಯುವ 'ಅಸರ್' ಸಮೀಕ್ಷೆ ಇದೆ. 2022ರಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಇಂಗ್ಲಿಷಿನ ಸರಳ ವಾಕ್ಯ ಓದಬಲ್ಲವರು ಶೇ 24.5. ಇದಕ್ಕಿಂತ ನನ್ನನ್ನು ಕಾಡಿದ್ದು 2016ರ ಸಮೀಕ್ಷೆಯ ಇನ್ನೊಂದು ಅಂಕಿ. ಐದನೇ ತರಗತಿಯಲ್ಲಿ ಹಾಗೆ ವಾಕ್ಯ ಓದಿದ ಮಕ್ಕಳನ್ನೇ 'ಇದರ ಅರ್ಥ ಏನು?' ಎಂದು ಕೇಳಿದಾಗ ಹೇಳಿದವರು ಸುಮಾರು ಶೇ 62. ಉಳಿದವರು ನನ್ನ ಸೊಸೆಯ ಹಾಗೆ. ಓದಿದರು, ಅಷ್ಟೆ.

ಮೂರನೇ ಕ್ಲಾಸಿನವರೆಗೆ ಇದು ಹೊರಗೆ ಕಾಣುವುದಿಲ್ಲ. ಪಾಠ ಚಿಕ್ಕವು. ಪ್ರಶ್ನೋತ್ತರ ಬೋರ್ಡಿನ ಮೇಲೆ ಬರೆಯುತ್ತಾರೆ, ಮಗು ಬಾಯಿಪಾಠ ಮಾಡುತ್ತದೆ, ಮಾರ್ಕ್ಸ್ ಕಾರ್ಡಿನಲ್ಲಿ ಎ ಪ್ಲಸ್ ಬರುತ್ತದೆ. ಮನೆಗೆ ಬಂದ ನೆಂಟರ ಮುಂದೆ ರೈಮ್ಸ್ ಹೇಳಿಸಿದರೆ ಎಲ್ಲರಿಗೂ ಖುಷಿ. ಐದನೇ ಕ್ಲಾಸಿನ ಹೊತ್ತಿಗೆ ಪಾಠ ಉದ್ದವಾಗುತ್ತದೆ. ಆರು, ಏಳಕ್ಕೆ ವಿಜ್ಞಾನ, ಸಮಾಜ ದಪ್ಪ ಆಗುತ್ತವೆ. 'ಯಾಕೆ', 'ಹೇಗೆ', 'ಹಾಗಾಗದಿದ್ದರೆ ಏನು' ಅನ್ನುವ ಪ್ರಶ್ನೆ ಬರುತ್ತವೆ. ಬಾಯಿಪಾಠದ ಹಗ್ಗ ಅಲ್ಲಿಗೆ ಎಟುಕುವುದಿಲ್ಲ. ಊರಿನ ಟ್ಯೂಶನ್ನುಗಳು ತುಂಬುವುದೂ ಆಗಲೇ.

ಕೆನಡಾದ ಭಾಷಾ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ 1970, 80ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಮಾತಿನ ಭಾಷೆ ಬೇರೆ, ಪಾಠದ ಭಾಷೆ ಬೇರೆ. ವಲಸೆ ಬಂದ ಮಕ್ಕಳು ಎರಡು ವರ್ಷದೊಳಗೆ ಆಟದ ಮೈದಾನದಲ್ಲಿ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದರು. ಅದೇ ಮಕ್ಕಳು ಪಾಠದ ಇಂಗ್ಲಿಷಿನಲ್ಲಿ ಓರಗೆಯವರ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕಾಯಿತು. ನೆನಪಿಡಿ, ಅವರ ಸುತ್ತ ಬೀದಿಯಲ್ಲಿ, ಟಿವಿಯಲ್ಲಿ, ಅಂಗಡಿಯಲ್ಲಿ ಇಂಗ್ಲಿಷೇ ಇತ್ತು. ಕಮಿನ್ಸ್ ಹೇಳಿದ ಇನ್ನೊಂದು ಮಾತು ನಮಗೆ ಮುಖ್ಯ. ಮೊದಲ ಭಾಷೆಯಲ್ಲಿ ಗಟ್ಟಿಯಾದ ಓದು ಎರಡನೆಯ ಭಾಷೆಗೆ ದಾಟುತ್ತದೆ. 'ಭಿನ್ನರಾಶಿ' ಅರ್ಥವಾದ ಮಗು 'ಫ್ರ್ಯಾಕ್ಷನ್' ಅನ್ನುವ ಹೆಸರೊಂದನ್ನು ಕಲಿತರೆ ಸಾಕು, ಭಿನ್ನರಾಶಿಯನ್ನು ಮತ್ತೆ ಮೊದಲಿಂದ ಕಲಿಯಬೇಕಿಲ್ಲ.

ಇಲ್ಲಿ ಕನ್ನಡ ಮೀಡಿಯಮ್ಮಿನ ಒಂದು ತಪ್ಪನ್ನೂ ಹೇಳಬೇಕು. 'ದ್ಯುತಿಸಂಶ್ಲೇಷಣೆ' ನಮ್ಮೂರಿನ ಯಾವ ಮಗುವಿನ ಮನೆಮಾತು? 'ಬಾಷ್ಪೀಕರಣ'ವನ್ನು ಯಾರ ಅಜ್ಜಿ ಹೇಳಿಕೊಟ್ಟಿದ್ದಾರೆ? ಪುಸ್ತಕದ ಕನ್ನಡವೂ ಎಷ್ಟೋ ಸಲ ಮಗುವಿಗೆ ಪರಭಾಷೆಯೇ. ಆದರೆ ಒಂದು ವ್ಯತ್ಯಾಸ ಇದೆ. ಕನ್ನಡ ತರಗತಿಯಲ್ಲಿ ಮೇಷ್ಟ್ರು 'ತಂತಿ ಮೇಲೆ ಹಾಕಿದ ಒದ್ದೆ ಬಟ್ಟೆ ಒಣಗುತ್ತಲ್ಲ, ನೀರು ಎಲ್ಲಿಗೆ ಹೋಯ್ತು?' ಅಂತ ಕೇಳಬಹುದು. ಮಗು ಉತ್ತರ ಕೊಡಬಹುದು, ತಪ್ಪಾಗಿಯಾದರೂ. ಇಂಗ್ಲಿಷ್ ತರಗತಿಯಲ್ಲೂ ಟೀಚರು ಕನ್ನಡದಲ್ಲೇ ವಿವರಿಸುತ್ತಾರೆ, ಬೇರೆ ದಾರಿ ಇಲ್ಲ. ಆದರೆ ಮಗು ಮಾತ್ರ ಕನ್ನಡದಲ್ಲಿ ಅರ್ಥವಾದದ್ದನ್ನು ತನ್ನ ಮಾತಲ್ಲಿ ಬರೆಯುವ ಹಾಗಿಲ್ಲ. ಕೊಟ್ಟ ನೋಟ್ಸನ್ನೇ ಬರೆಯಬೇಕು. ತನಗೆ ತಿಳಿದದ್ದನ್ನು ತಾನೇ ಹೇಳುವ ಅಭ್ಯಾಸ ಅಲ್ಲಿಗೇ ನಿಂತುಹೋಗುತ್ತದೆ. ನನಗೆ ಎಲ್ಲಕ್ಕಿಂತ ಸಂಕಟ ಕೊಡುವುದು ಇದು.

ಹಾಗಾದರೆ ಇಂಗ್ಲಿಷ್ ಮೀಡಿಯಂ ಮಕ್ಕಳಿಗೇ ಜಾಸ್ತಿ ಮಾರ್ಕ್ಸ್ ಬರುತ್ತಲ್ಲ ಅಂತ ಕೇಳುತ್ತಾರೆ. ಬರುತ್ತದೆ. ಆದರೆ ಆ ಮಕ್ಕಳ ಮನೆ ನೋಡಿ. ಫೀಸು ಕಟ್ಟುವ ಶಕ್ತಿ, ಓದಿದ ತಾಯಿ, ಟ್ಯೂಶನ್ನು, ಓದಲು ಒಂದು ಟೇಬಲ್ಲು ಇವೆಲ್ಲ ಇರುವ ಮನೆಯ ಮಗು ಯಾವ ಮೀಡಿಯಮ್ಮಿನಲ್ಲೂ ಮುಂದೆಯೇ ಇರುತ್ತದೆ. ಮನೆಯ ಬಲವನ್ನು ಮೀಡಿಯಮ್ಮಿನ ಲೆಕ್ಕಕ್ಕೆ ಬರೆಯಬಾರದು.

ಈ ಗೊಂದಲ ಬಿಡಿಸಿದ ಒಂದು ದೊಡ್ಡ ಪ್ರಯೋಗ ನಮ್ಮ ಪಕ್ಕದ ಆಂಧ್ರದಲ್ಲೇ ನಡೆದಿದೆ. 2008ರಿಂದ ನಾಲ್ಕು ವರ್ಷ, ಹಳ್ಳಿಗಳಲ್ಲಿ ಲಾಟರಿ ಎತ್ತಿ, ಗೆದ್ದ ಮಕ್ಕಳಿಗೆ ಖಾಸಗಿ ಶಾಲೆಯ ಫೀಸು ಕಟ್ಟಿದರು. ಲಾಟರಿ ಆದ್ದರಿಂದ ಗೆದ್ದವರ ಮನೆ, ಸೋತವರ ಮನೆ ಒಂದೇ ಥರ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಇದರ ಫಲಿತಾಂಶ 2015ರಲ್ಲಿ ಪ್ರಕಟಿಸಿದರು. ತೆಲುಗು ಮತ್ತು ಗಣಿತದಲ್ಲಿ ಖಾಸಗಿ ಶಾಲೆಗೆ ಹೋದವರಿಗೂ ಸರ್ಕಾರಿ ಶಾಲೆಯಲ್ಲಿ ಉಳಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಹಿಂದಿಯಲ್ಲಿ ಮಾತ್ರ ಸ್ಪಷ್ಟವಾಗಿ ಮುಂದಿದ್ದರು. ಇನ್ನೊಂದು ಸುಳಿವೂ ಸಿಕ್ಕಿತು. ತೆಲುಗು ಮಾಧ್ಯಮದ ಖಾಸಗಿ ಶಾಲೆಗೆ ಹೋದವರಿಗೆ ಆದ ಲಾಭ, ಇಂಗ್ಲಿಷ್ ಮಾಧ್ಯಮಕ್ಕೆ ಹಾರಿದವರಿಗೆ ಆಗಲಿಲ್ಲ. ಮಂಡ್ಯದ ಹಳ್ಳಿಗೂ ಅಲ್ಲಿನ ಹಳ್ಳಿಗೂ ಅಷ್ಟೇನೂ ದೂರ ಇಲ್ಲ.

ಇನ್ನೊಂದು ಭಾಷೆಯಲ್ಲೇ ಪಾಠ ಮಾಡಿ ಗೆದ್ದವರಿಲ್ಲವೇ? ಇದ್ದಾರೆ. ಕೆನಡಾದ ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಿಶುವಿಹಾರದಿಂದಲೇ ಫ್ರೆಂಚಿನಲ್ಲಿ ಕಲಿಸಿದರು. ಮಕ್ಕಳು ಚೆನ್ನಾಗಿಯೇ ಕಲಿತರು. ಆದರೆ ಟೀಚರಿಗೆ ಫ್ರೆಂಚ್ ನೀರು ಕುಡಿದಷ್ಟು ಸಲೀಸು. ಮನೆಯಲ್ಲಿ ಇಂಗ್ಲಿಷ್ ಪುಸ್ತಕ, ಓದಿದ ತಂದೆತಾಯಿ. ಮಗುವಿನ ಸ್ವಂತ ಭಾಷೆಗೆ ಯಾವ ಕುಂದೂ ಇರಲಿಲ್ಲ. ಮೈಸೂರಿನ ಕುವೆಂಪುನಗರದ ಪ್ರೊಫೆಸರ್ ದಂಪತಿಯ ಮಗುವಿಗೆ ಇದು ಹೊಂದಬಹುದು. ಅವರನ್ನು ನೋಡಿ ಹಳ್ಳಿಯವರೂ ಅದೇ ದಾರಿ ಹಿಡಿದರೆ ಆ ಫಲ ಸಿಗುವುದಿಲ್ಲ. ಮಲೇಷ್ಯಾ 2003ರಲ್ಲಿ ಇಡೀ ದೇಶದಲ್ಲಿ ಗಣಿತ, ವಿಜ್ಞಾನವನ್ನು ಇಂಗ್ಲಿಷಿಗೆ ಬದಲಾಯಿಸಿತು. 2009ರಲ್ಲಿ ವಾಪಸ್ ಪಡೆಯುವುದಾಗಿ ಪ್ರಕಟಿಸಿತು. ಮನೆಮಾತಿನ ಹೆಸರು ಹೇಳಿದರೆ ಸಾಕು ಅಂದುಕೊಳ್ಳುವವರೂ ಫಿಲಿಪ್ಪೀನ್ಸ್ ನೋಡಬೇಕು. 2012ರಲ್ಲಿ ಅಲ್ಲಿ ಮನೆಮಾತಿನ ಶಿಕ್ಷಣ ತಂದರು. ಪುಸ್ತಕ ಸಾಲಲಿಲ್ಲ, ತರಬೇತಿ ಸಾಲಲಿಲ್ಲ. 2024ರಲ್ಲಿ ಕಾನೂನು ಮಾಡಿಯೇ ಕಡ್ಡಾಯವನ್ನು ತೆಗೆದರು.

ನಮ್ಮಲ್ಲಿ ಕಾನೂನಿನ ಜಗಳ ಹಳೆಯದು. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. 2019ರಲ್ಲಿ ಸರ್ಕಾರವೇ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. 2025ರ ಆಗಸ್ಟ್‌ನಲ್ಲಿ ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ, ಕನಿಷ್ಠ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಪಾಠ ಆಗಬೇಕು ಎಂದು ಶಿಫಾರಸು ಮಾಡಿತು. ವರದಿ ಒಂದು ಕಡೆ, ಶಾಲೆಯ ಮುಂದಿನ ಇಂಗ್ಲಿಷ್ ಬೋರ್ಡು ಇನ್ನೊಂದು ಕಡೆ. ನಡುವೆ ನಿಂತಿರುವವರು ಜೂನ್ ತಿಂಗಳಲ್ಲಿ ಅಡ್ಮಿಶನ್ ಮಾಡಿಸಬೇಕಾದ ಅಪ್ಪ ಅಮ್ಮ.

ಒಳ್ಳೆಯ ಕನ್ನಡ ಕಲಿಕೆ ಹೇಗಿರುತ್ತದೆ ಅನ್ನುವುದಕ್ಕೆ ನಾವು ಫಿನ್ಲೆಂಡಿಗೆ ಹೋಗಬೇಕಿಲ್ಲ. ಕಾರ್ಡು ಹಿಡಿದು ಆಡುತ್ತಾ ಕಲಿಯುವ 'ನಲಿ-ಕಲಿ' ಪದ್ಧತಿ ಹುಟ್ಟಿದ್ದು ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, 1995ರ ಸುಮಾರಿಗೆ, ಯುನಿಸೆಫ್ ನೆರವಿನಿಂದ. ಅಲ್ಲಿ 'ಅ, ಆ, ಇ, ಈ' ಅಂತ ಸಾಲಾಗಿ ಶುರು ಮಾಡುವುದಿಲ್ಲ. ಮೊದಲು ರ, ಗ, ಸ, ದ, ಅ. ಐದೇ ಅಕ್ಷರ. ಅಷ್ಟರಲ್ಲೇ ಮಗು 'ಸರ' ಓದುತ್ತದೆ, 'ಅಗಸ' ಓದುತ್ತದೆ, 'ಗರಗಸ' ಓದುತ್ತದೆ. ನಮ್ಮ ಮೈಸೂರಿನ 'ದಸರ' ಕೂಡ ಅದರಲ್ಲೇ ಬಂದುಬಿಡುತ್ತದೆ. ಐದೇ ಅಕ್ಷರ ಕಲಿತ ಆರು ವರ್ಷದ ಮಗು ಒಂದು ಪದ ಓದಿ, ಅದು ತನಗೆ ಗೊತ್ತಿರುವ ವಸ್ತು ಅಂತ ಗೊತ್ತಾದಾಗ ಮುಖ ಹೇಗೆ ಅರಳುತ್ತದೆ ನೋಡಬೇಕು. ಓದು ಅಂದರೆ ಅರ್ಥ ಅಂತ ಆ ಮಗು ಮೊದಲ ದಿನಗಳಲ್ಲೇ ಕಲಿಯಿತು. ಎಲ್ಲ ಶಾಲೆಯಲ್ಲೂ ಇದು ಹೀಗೇ ನಡೆಯುತ್ತಿಲ್ಲ ನಿಜ. ಒಬ್ಬರೇ ಟೀಚರು ಮೂರು ಕ್ಲಾಸು ನೋಡಿಕೊಳ್ಳುವ ಕಡೆ ಕಾರ್ಡುಗಳು ಧೂಳು ಹಿಡಿದು ಕೂತಿವೆ. ಇಂಗ್ಲಿಷ್ ಬೋರ್ಡು ಹಾಕುವ ಮೊದಲು ಅಲ್ಲಿಗೆ ಇನ್ನೊಬ್ಬ ಟೀಚರನ್ನು ಕಳಿಸಿದ್ದರೆ ಎಷ್ಟೋ ವ್ಯಾನುಗಳು ಅರಳಿಕಟ್ಟೆಗೆ ಬರುತ್ತಿರಲಿಲ್ಲ.

ಇನ್ನು ನನ್ನ ತಂಗಿಯ ಪಿಯುಸಿ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ಕನ್ನಡ ಮೀಡಿಯಂ ಪರವಾಗಿ ಮಾತಾಡುವುದು ಅನ್ಯಾಯ. ನೀಟ್ ಪರೀಕ್ಷೆಯನ್ನು 2017ರಿಂದ, ಜೆಇಇ ಮೇನ್ ಅನ್ನು 2021ರಿಂದ ಕನ್ನಡದಲ್ಲಿ ಬರೆಯಬಹುದು. ಆದರೆ ಕಾಲೇಜಿನ ಪಾಠ, ಪುಸ್ತಕ, ಕೋಚಿಂಗ್ ಎಲ್ಲ ಇಂಗ್ಲಿಷಿನಲ್ಲೇ ಇರುವಾಗ ಪ್ರಶ್ನೆಪತ್ರಿಕೆ ಮಾತ್ರ ಕನ್ನಡದಲ್ಲಿ ಸಿಕ್ಕರೆ ಪ್ರಯೋಜನ ಕಡಿಮೆ. ಸೇತುವೆ ಕಟ್ಟಬೇಕಾದ್ದು ಆರನೇ ತರಗತಿಯಿಂದ. ಕನ್ನಡದಲ್ಲಿ ಪಾಠ ಆಗಲಿ, ಜೊತೆಗೇ ಪ್ರತಿ ಮುಖ್ಯ ಪದದ ಇಂಗ್ಲಿಷ್ ಹೆಸರು ಬರಲಿ. ಎಂಟು, ಒಂಬತ್ತರಲ್ಲಿ ವಿಜ್ಞಾನದ ಒಂದೊಂದು ಪಾಠ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಚರ್ಚೆ ಮಾಡಲಿ. ಪಿಯುಸಿ ಸೇರುವ ಮೊದಲಿನ ಬೇಸಿಗೆಯಲ್ಲಿ ಎರಡು ತಿಂಗಳು ಫಿಸಿಕ್ಸ್, ಕೆಮಿಸ್ಟ್ರಿಯ ಭಾಷೆಗೇ ಒಂದು ಕೋರ್ಸು ಇರಲಿ. ನನ್ನ ತಂಗಿ ಎಡವಿದ್ದು ಒಂದನೇ ಕ್ಲಾಸಿನ ಕನ್ನಡದಿಂದಲ್ಲ. ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ನಡುವೆ ಒಂದು ಮೆಟ್ಟಿಲೂ ಇಲ್ಲದೆ ಹೋದದ್ದರಿಂದ. ಆ ಮೆಟ್ಟಿಲನ್ನು ಯಾರೂ ಕಟ್ಟಲಿಲ್ಲ. ಅದಕ್ಕೇ ಅವಳು ಮಗಳನ್ನು ಮೂರೂವರೆ ವರ್ಷಕ್ಕೇ ಎತ್ತಿಕೊಂಡು ಹೋಗಿ ಆ ಕಡೆ ಇಟ್ಟುಬಿಟ್ಟಳು.

ಸೊಸೆಯ ಶಾಲೆ ಬದಲಾಯಿಸು ಅಂತ ನಾನು ತಂಗಿಗೆ ಹೇಳಲಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಗೆಳತಿಯರನ್ನು ಬಿಡಿಸಿ ತರುವುದು ಸುಲಭ ಅಲ್ಲ. ಎರಡು ಕೆಲಸ ಮಾತ್ರ ಮಾಡು ಅಂದೆ. ದಿನಾ ರಾತ್ರಿ ಹತ್ತು ನಿಮಿಷ ಕನ್ನಡದ ಕತೆ ಪುಸ್ತಕ ಗಟ್ಟಿಯಾಗಿ ಓದಿಸು. ಲೆಕ್ಕ ಇಂಗ್ಲಿಷಿನಲ್ಲಿ ಓದಿದ ಮೇಲೆ ಪೆನ್ಸಿಲ್ ಮುಟ್ಟುವ ಮೊದಲು ಅದನ್ನು ಕನ್ನಡದಲ್ಲಿ ಕತೆಯಾಗಿ ಹೇಳಿಸು.

ಹೋದ ವಾರ ಫೋನ್ ಮಾಡಿದ್ದೆ. ತಂಗಿ ಫೋನನ್ನು ಅವಳ ಕೈಗೇ ಕೊಟ್ಟಳು. 'ಮಾವ, ಇವತ್ತು ಸೆವೆಂಟಿ ಟೂ ಮ್ಯಾಂಗೋಸ್ ಬಂದಿತ್ತು' ಅಂದಳು. 'ಕನ್ನಡದಲ್ಲಿ ಎಷ್ಟು?' ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಹಿಂದೆ ಅಜ್ಜಿ ಏನೋ ಪಿಸುಗುಟ್ಟಿದ್ದು ಕೇಳಿಸಿತು. 'ಎಪ್ಪತ್ತೆರಡು' ಅಂದಳು.